ಗಿರಿಜವ್ವನನ್ನು ಹೊಗಳಬೇಡ

ಗವಿಪುರಂ
೧೪ ಜುಲೈ ೨೦೨೪

ಪ್ರೀತಿಯ ಚೈತನ್ಯಾ,

ಅಕ್ಕನ ಶರಣು. ನೀನು, ಮಕ್ಕಳು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. "ನನ್ನ ಭಾಷಣ ಹೇಗಿತ್ತು ಅಂತ ಹೇಳ್ಲೇ ಇಲ್ವಲ್ಲ" ಎಂದು ನೀನು ಕೇಳುತ್ತಲೇ ಇದ್ದೆ. ತಡವಾಯಿತು, ಬೇಸರಿಸಬೇಡ. ಫೋನಿನಲ್ಲಿ ಹೇಳಲು ಹೊರಟರೆ "ಅಕ್ಕಾ, ಒಂದ್ನಿಮಿಷ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಡುತ್ತೀಯ. ಕಾಗದದ ಬಾಯಿ ಮುಚ್ಚಿಸಲು ನಿನಗಾಗದು.

ಹಾಸಿಗೆ ಹಿಡಿದ ಅಮ್ಮನ ಹತ್ತಿರ ಪಕ್ಕದ ಮನೆಯ ನರಸಮ್ಮನನ್ನು ಕೂರಿಸಿ, ಮಲ್ಲೇಶ್ವರಂವರೆಗೆ ಬಂದು ನಿನ್ನ ಭಾಷಣ ಕೇಳಿದೆ. ಹಳೆಯ ಕಾದಂಬರಿ, ಅದರಲ್ಲಿ ಅಕ್ಕತಂಗಿಯರು. ಮನೆಯಲ್ಲೇ ಉಳಿದು ಅಪ್ಪನ ಸೇವೆ ಮಾಡುವ ಗಿರಿಜವ್ವ, ರೈಲು ಹತ್ತಿ ಓದಲು ಹೋಗುವ ಮಂದಾಕಿನಿ. ಮಂದಾಕಿನಿ ಧೈರ್ಯವಂತೆ, ಗಿರಿಜವ್ವ ತಾಳ್ಮೆಯ ಮೂರ್ತಿ ಎಂದೆ ನೀನು. ಆಮೇಲೆ "ನಮ್ಮನೇಲೂ ಒಬ್ಬ ಗಿರಿಜವ್ವ ಇದಾಳೆ" ಎಂದು ನನ್ನ ಕಡೆ ಕೈ ತೋರಿಸಿದೆ. ಸಭೆಯೆಲ್ಲ ತಿರುಗಿ ಚಪ್ಪಾಳೆ ತಟ್ಟಿತು. ಪಕ್ಕದಲ್ಲಿದ್ದ ಕಮಲಮ್ಮ "ಏನ್ ಪುಣ್ಯ ಮಾಡಿದ್ರೋ ನಿಮ್ ತಾಯಿ" ಎಂದು ಕಣ್ಣೊರೆಸಿಕೊಂಡರು. ನನಗೆ ಮೈಯೆಲ್ಲ ಉರಿಯಿತು.

ಆ ಪುಸ್ತಕವನ್ನು ನಾನೂ ಓದಿದ್ದೇನೆ, ಮೇಡಂ. ಮಂದಾಕಿನಿಯ ಪತ್ರ ಬಂದಾಗ ಗಿರಿಜವ್ವ ಒಡೆದೂ ನೋಡದೆ ಒಲೆಗೆ ಹಾಕುತ್ತಾಳೆ. ಅದನ್ನೇಕೆ ಹೇಳಲಿಲ್ಲ? ಕೊನೆಗೆ ನಗುನಗುತ್ತಾ ಸಾಯುತ್ತಾಳಂತೆ! ಬರೆದ ಮಹಾನುಭಾವರು ಒಂದು ದಿನವಾದರೂ ರೋಗಿಯ ಮಗ್ಗುಲು ಬದಲಿಸಿದ್ದರೆ ಆ ನಗು ಬರೆಯುತ್ತಿರಲಿಲ್ಲ. ಅವಳಿಗೂ ಓದುವ ಆಸೆ ಇತ್ತೇ ಎಂದು ಅವರೂ ಕೇಳಲಿಲ್ಲ, ನೀನೂ ಕೇಳಲಿಲ್ಲ. ತಾಳ್ಮೆ ಎಂದು ಹೆಸರಿಟ್ಟರೆ ಆಯಿತು, ಉಳಿದವರು ಆರಾಮವಾಗಿ ಇರಬಹುದು.

ಯುಗಾದಿಯಲ್ಲಿ ಅಮ್ಮನನ್ನು ಸ್ವಲ್ಪ ದಿನ ಕರೆದುಕೊಂಡು ಹೋಗು ಎಂದೆ ನಾನು. "ನಿನ್ನ ಕೈಯ ಹದ ನಂಗೆಲ್ಲಿ ಬರತ್ತೆ ಅಕ್ಕಾ, ಅಮ್ಮಂಗೆ ನೀನೇ ಬೇಕು" ಎಂದೆ ನೀನು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ! ಸಂಪಿಗೆ ರಸ್ತೆಯಲ್ಲಿ ಮೆಟ್ರೋ ಹತ್ತಿದರೆ ನಮ್ಮ ಮನೆ ಎಷ್ಟು ದೂರ? ನನಗೆ ಚಪ್ಪಾಳೆ ಬೇಡ. ಶ್ರಾವಣ ಒಂದು ತಿಂಗಳು ಅಮ್ಮನನ್ನು ನೋಡಿಕೋ. ನನಗೆ ನಿದ್ದೆ ಬೇಕು, ಅಷ್ಟೇ.

ಕೋಪದಲ್ಲಿ ಬರೆದೆ, ಆದರೆ ಒಂದಕ್ಷರವನ್ನೂ ಹೊಡೆದುಹಾಕುವುದಿಲ್ಲ. ಬಸವಣ್ಣ ನಿನ್ನನ್ನೂ ಮಕ್ಕಳನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಮಹಾನಂದ

ತಾ.ಕ.: ಹೇಳಬಾರದೆಂದಿದ್ದೆ. ಅಮ್ಮನಿಗೆ ಈಗ ನನ್ನ ಗುರುತು ಸಿಗುತ್ತಿಲ್ಲ. ನಿನ್ನೆ ಸಂಜೆ ಗಂಜಿ ಕುಡಿಸಿ ಬಾಯಿ ಒರೆಸುತ್ತಿದ್ದೆ. ನನ್ನ ಕೈ ಹಿಡಿದುಕೊಂಡು ಬಹಳ ಮರ್ಯಾದೆಯಿಂದ ಹೇಳಿದಳು: "ಪಾಪ, ನೀವು ತುಂಬಾ ಮಾಡಿದ್ರಿ. ನನ್ ಮಗಳು ಚೈತನ್ಯಾ ಬರೋ ಹೊತ್ತಾಯ್ತು. ನೀವಿನ್ನು ನಿಮ್ಮನೆಗೆ ಹೋಗಿ ತಾಯಿ."