ಮಾಸೂರು ಲೈನಿನ ಸದ್ದು

ಗುರಪ್ಪ ಕಾಕಾ,

ನೀವು ಕಂಬದ ಮೇಲೆ ಸತ್ತು ಏಳು ವರ್ಷವಾಯಿತು. ಅಂದು ಮಾಸೂರಿನ ಟೆಲಿಫೋನ್ ಲೈನ್ ಕೆಟ್ಟಿದೆ ಎಂದು ನಿಮ್ಮನ್ನು ಕಳಿಸಿದವಳು ನಾನೇ. ಹೇಳಬೇಕಾಗಿದ್ದ ಇನ್ನೊಂದು ಮಾತನ್ನು ನುಂಗಿಕೊಂಡವಳೂ ನಾನೇ. ಅದು ನಿಮಗೆ ಗೊತ್ತಿಲ್ಲ.

ಹಿರೇಕೆರೂರಿನ ಎಕ್ಸ್‌ಚೇಂಜಿಗೆ ನಾನು ಆಪರೇಟರ್ ಆಗಿ ಸೇರಿದ ಮೊದಲ ವಾರ, ಅಲ್ಲಿ ಲೈನ್‌ಮನ್ ಆಗಿದ್ದ ನೀವು ಬ್ಯಾಟರಿ ಕೋಣೆ ತೋರಿಸಿದ್ದಿರಿ. ಆಸಿಡ್ ವಾಸನೆಗೆ ಸೆರಗು ಮೂಗಿಗೆ ಹಿಡಿದು, "ಊರಿಗೆಲ್ಲಾ ಎ.ಸಿ. ಕರೆಂಟ್, ನಮಗ್ಯಾಕ ಕಾಕಾ ಈ ಡಿ.ಸಿ.?" ಎಂದೆ. ನಕ್ಕುಬಿಟ್ಟಿರಿ. "ಊರಿನ ಕರೆಂಟ್ ನಂಬಿದ್ರ ಫೋನ್ ದಿನಾ ನಾಕ್ ಸಲ ಸಾಯ್ತಾವ ತಂಗಿ. ಬ್ಯಾಟ್ರಿಯೊಳಗ ಕೂಡಿಡಾಕ ಬರೋದು ಡಿ.ಸಿ. ಒಂದ. ಎ.ಸಿ. ಹಚ್ಚಿದ್ರ ಕಿವ್ಯಾಗ ಬರೇ ಗುಂಯ್ ಅಂತೈತಿ, ಮಾತ ಎಲ್ಲಿ ಕೇಳ್ತಾವ? ಐವತ್ತು ವೋಲ್ಟಿಗೆ ದೂರದ ಫೋನೂ ನಡೀತೈತಿ, ಮುಟ್ಟಿದ ಮನಷ್ಯಾನೂ ಉಳೀತಾನ" ಎಂದಿರಿ.

ಆ ಧೈರ್ಯವೇ ನಿಮಗೆ ಚಟವಾಯಿತು. ಬೆರಳಿಗೆ ಉಗುಳು ಹಚ್ಚಿ ಬರಿಗೈಯಲ್ಲಿ ತಂತಿ ಮುಟ್ಟುವುದು, ಚುರ್ ಎಂದರೆ "ಜೀವ ಐತಿ" ಎನ್ನುವುದು. ಕರೆಂಟ್ ಅಳೆಯುವ ಮೀಟರ್ ಚೀಲದಲ್ಲೇ ಮಲಗಿರುತ್ತಿತ್ತು. ಸಾಹೇಬರು ಬೈದರೆ, "ಏನಾಗ್ತೈತ್ರಿ, ನಮ್ಮದ ಕರೆಂಟ್!" ಎನ್ನುತ್ತಿದ್ದಿರಿ. ಕಂಬ ನಮ್ಮದು, ತಂತಿ ನಮ್ಮದು, ಸರಿ. ಅದರೊಳಗೆ ಹರಿಯುವುದೂ ಯಾವಾಗಲೂ ನಮ್ಮದೇ ಎಂದು ನಿಮಗೆ ಯಾರು ಹೇಳಿದ್ದರು ಕಾಕಾ?

ಆ ದಿನ ಬೆಳಿಗ್ಗೆ ಮಾಸೂರು ಲೈನಿನಲ್ಲಿ ಗುಂಯ್ ಸದ್ದು ಬಂತು. ಊರಿನ ಕರೆಂಟಿನ ತಂತಿ ಜೋತುಬಿದ್ದು ನಮ್ಮ ತಂತಿಯ ಹತ್ತಿರ ಬಂದಿರಬೇಕು ಎಂದು ನನಗೆ ಹೊಳೆಯಿತು. ಹೌದು, ಹೊಳೆದಿತ್ತು. ಸ್ವಲ್ಪ ಹೊತ್ತಿಗೆ ಲೈನೇ ಸತ್ತಿತು. ಆದರೆ ಹಿಂದಿನ ದಿನ ನೀವು ಎಲ್ಲರೆದುರು ನನ್ನ ಕೀರಲು ದನಿಯನ್ನು ಅಣಕಿಸಿದ್ದಿರಿ, ನಾನು ಮುಖ ಊದಿಸಿಕೊಂಡಿದ್ದೆ. "ಮಾಸೂರ ಲೈನ್ ಸತ್ತೈತ್ರಿ" ಎಂದಷ್ಟೇ ಹೇಳಿ ಬೆನ್ನು ತಿರುಗಿಸಿದೆ. "ಇನ್ನೂ ಸಿಟ್ಟ ಐತೇನ ತಂಗಿ?" ಎಂದು ಕೇಳಿ ಸೈಕಲ್ ಹತ್ತಿದಿರಿ. ಆಗಲಾದರೂ ಒಂದು ಮಾತು ಆಡಿದ್ದರೆ... ಊರಿನ ಕರೆಂಟಿನ ತಂತಿ ತಾಗಿದ್ದ ನಮ್ಮ ತಂತಿಯನ್ನು ಕಂಬದ ಮೇಲೆ ಎಂದಿನಂತೆ ಬರಿಗೈಯಲ್ಲಿ ಮುಟ್ಟಿದಿರಿ.

ವಿಚಾರಣೆಗೆ ಬಂದವರು, ಲೈನಿನಲ್ಲಿ ಸದ್ದೇನಾದರೂ ಕೇಳಿತ್ತೇ ಎಂದರು. ಇಲ್ಲ ಎಂದೆ. ತಪ್ಪೆಲ್ಲ ನಿಮ್ಮದೇ ಎಂದು ಬರೆದುಕೊಂಡರು, ನಾನು ಸಹಿ ಹಾಕಿದೆ. ಥೂ, ನನ್ನ ಬಾಳಿಗೆ! ಆ ಹೇಳಿಕೆ ಸುಳ್ಳೆಂದು ಈ ವಾರವೇ ಸಾಹೇಬರಿಗೆ ಬರೆದು ಕೊಡುತ್ತೇನೆ. ನೌಕರಿ ಹೋದರೆ ಹೋಗಲಿ.

ಮೊನ್ನೆ ರಟ್ಟೀಹಳ್ಳಿಗೆ ಹೋಗಿ ನಿಮ್ಮ ಹೆಂಡತಿ ಕಾಕೂಗೆ ಎಲ್ಲ ಹೇಳಿದೆ. ಅಕ್ಕಿ ಆರಿಸುತ್ತಿದ್ದರು. "ನೀ ಹೇಳಿದ್ರ ಅವರು ಬರಿಗೈಲೆ ಮುಟ್ತಿದ್ರೇನು?" ಎಂದರು. "ಇಲ್ರಿ" ಎಂದೆ. "ತನ್ನ ಕೈಯಾರೆ ಸತ್ತ, ನಮ್ಮನ್ನ ನಡುನೀರಾಗ ಬಿಟ್ಟ ಅಂತ ಏಳು ವರ್ಷ ಅವರನ್ನ ಬೈಕೋತ ಬಂದೇನಿ. ಒಂದ ಹನಿ ಕಣ್ಣೀರ ಹಾಕಿಲ್ಲ" ಎಂದವರೇ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಕಟ್ಟೆಯ ಮೇಲೆ ಕುಳಿತೇ ಇದ್ದೆ. ಒಳಗೆ ಅವರು ನಿಮಗಾಗಿ ಅಳುತ್ತಿದ್ದರು.