ಎದುರು ಪಕ್ಷಕ್ಕೆ ನಾವು ಆರಿಸಿಕೊಟ್ಟ ಶೆರಿಫ್

ಹಾಲ್ವರ್ಸನ್ ಕ್ರೀಕ್, ವಿಸ್ಕಾನ್ಸಿನ್
ನವೆಂಬರ್ 30, 2014

ಪ್ರೀತಿಯ ಲವೊನ್,

ಹೇಗಿದ್ದೀಯಾ? ಅರಿಜೋನಾದ ಬಿಸಿಲಿಗೆ ಮಂಡಿನೋವು ಸ್ವಲ್ಪ ತಗ್ಗಿತೇ? ನಿನ್ನ ಪತ್ರಗಳಿಗೆ ಉತ್ತರಿಸದೆ ಕೂತೆನೆಂದು ಅಕ್ಕನ ಮೇಲೆ ಮುನಿಸಿಕೊಳ್ಳಬೇಡ. ಪೆನ್ನು ಹಿಡಿದರೆ ಬೈಗುಳವೇ ಬರುತ್ತಿತ್ತು. ಈಗಲೂ ಅದೇ ಬರುತ್ತಿದೆ, ಇನ್ನು ತಡೆದುಕೊಳ್ಳಲಾರೆ.

ನಮ್ಮ ಪಕ್ಷದ ಊರ ಮುಖಂಡ ವೆಂಡೆಲ್ ಸ್ಟ್ರಾಂಡ್ ಗೊತ್ತಲ್ಲ? ಹೈಸ್ಕೂಲಿನಲ್ಲಿ ಚದುರಂಗದ ಕಪ್ ಗೆದ್ದವನು, ಇನ್ನೂ ಅದರ ಮೇಲಿಂದ ಕೆಳಗಿಳಿದಿಲ್ಲ. ಜುಲೈನಲ್ಲಿ ಶುಕ್ರವಾರದ ಮೀನೂಟಕ್ಕೆ ನಮ್ಮನ್ನೆಲ್ಲ ಸೇರಿಸಿ ಉಪದೇಶ ಕೊಟ್ಟ.

"ಕೌಂಟಿ ಪೊಲೀಸ್ರಿಗೆಲ್ಲ ದೊಡ್ಡೋನಾಗಿ ಕೂತಿರೋ ಶೆರಿಫ್ ರಾಸ್ಮುಸೆನ್‌ನ ನಾವು ಯಾವ ಜನ್ಮಕ್ಕೂ ಸೋಲ್ಸಕ್ಕಾಗಲ್ಲ. ಆದ್ರೆ ಅವನ ಪಕ್ಷದ ಅಭ್ಯರ್ಥಿನ ಆರಿಸೋ ಒಳಚುನಾವಣೇಲಿ ಅವನಿಗೆ ಎದುರು ನಿಂತಿದಾನಲ್ಲ ಫ್ಲೂಗರ್, ಆ ಬಾಯಿಬಡುಕ, ಅವನು ಗೆದ್ರೆ? ನವೆಂಬರ್‌ನಲ್ಲಿ ನಮ್ಮೋನು ಮಲಗಿದ್ದಲ್ಲೇ ಗೆಲ್ತಾನೆ! ಒಳಚುನಾವಣೇಲಿ ಯಾವ ಪಕ್ಷದೋರು ಬೇಕಾದ್ರೂ ಓಟು ಹಾಕ್ಬೋದಲ್ಲ, ಅದಕ್ಕೇ ನಾವೆಲ್ಲ ಆ ಕಡೆ ಹೋಗಿ ಫ್ಲೂಗರ್‌ಗೆ ಹಾಕ್ಬಿಡೋಣ."

ಎಲ್ಲರೂ ಕಿಸಕ್ಕೆಂದರು. ನಾನು ಕೇಳಿದೆ: "ಒಬ್ರು ಒಂದೇ ಪಕ್ಷದ ಒಳಚುನಾವಣೇಲಿ ತಾನೆ ಓಟು ಹಾಕೋದು? ನೀವೆಲ್ಲ ಆ ಕಡೆ ಹಾರಿದ್ರೆ ಈ ಕಡೆ ನಮ್ಮ ಜಾನೆಲ್‌ಗೆ ಹಾಕೋರ್ಯಾರು?" ಮಗಳು ಕೌಂಟಿ ನ್ಯಾಯಾಲಯದ ಕಾರ್ಯದರ್ಶಿ ಸ್ಥಾನಕ್ಕೆ ನಮ್ಮದೇ ಪಕ್ಷದ ಒಳಚುನಾವಣೆಯಲ್ಲಿ ಇನ್ನೊಬ್ಬರ ಎದುರು ನಿಂತಿದ್ದಳು.

"ಅವಳು ಹೇಗೂ ಗೆಲ್ತಾಳೆ ಬಿಡಮ್ಮ ಆರ್ಡಿಸ್. ರಾಜಕೀಯ ಅಂದ್ರೆ ಸೇಬಿನ ಕಡುಬು ಮಾಡ್ದಂಗಲ್ಲ" ಎಂದ. ಮತ್ತೆ ಕಿಸಕ್. ನನ್ನ ಗಂಡ ಓರಿನ್ ಬಿಯರ್ ಲೋಟದೊಳಗೇ ಏನೋ ಹುಡುಕುತ್ತಿದ್ದ.

ರಾಸ್ಮುಸೆನ್ ಎದುರು ಪಕ್ಷದವನೇ, ಒಪ್ಪಿದೆ. ಆದರೆ ಸರೋವರದ ಮಂಜುಗಡ್ಡೆ ಒಡೆದು ಇದೇ ವೆಂಡೆಲ್ ಟ್ರಕ್ ಸಮೇತ ಒಳಗೆ ಹೋದಾಗ ಹೊಟ್ಟೆಯ ಮೇಲೆ ತೆವಳಿ ಎಳೆದುಕೊಂಡು ಬಂದವನು ಯಾರು? ಉಪ್ಪು ತಿಂದ ಮನೆಗೆ ಎರಡು ಬಗೆಯುವುದನ್ನು ಈ ಮಹಾಶಯರು ತಂತ್ರ ಎನ್ನುತ್ತಾರೆ.

ಆಗಸ್ಟ್‌ನಲ್ಲಿ ತಂತ್ರ ಫಲಿಸಿತು. ರಾಸ್ಮುಸೆನ್ ಸೋತ. ಇವರು ಲೋಟ ಎತ್ತಿ ಕುಣಿದರು. ಅದೇ ದಿನ ನಮ್ಮ ಜಾನೆಲ್ ಬೆರಳೆಣಿಕೆಯ ಓಟುಗಳಿಂದ ಸೋತಳು. "ಅಯ್ಯೋ ಪಾಪ, ಮುಂದಿನ ಸಲ ನೋಡೋಣ" ಎಂದು ವೆಂಡೆಲ್ ಅವಳ ಭುಜ ತಟ್ಟಿದ.

ನವೆಂಬರ್‌ನಲ್ಲಿ ಏನಾಯಿತು ಕೇಳು. ಈ ಕೌಂಟಿ ನಮ್ಮಪ್ಪನ ಕಾಲದಿಂದಲೂ ಕಣ್ಣುಮುಚ್ಚಿ ಆ ಎದುರು ಪಕ್ಷಕ್ಕೇ ಒತ್ತುತ್ತದೆ, ನಿಂತವನು ಯಾರೇ ಇರಲಿ. ಫ್ಲೂಗರ್ ಆರಾಮಾಗಿ ಗೆದ್ದ. ಮಂಜಿನಲ್ಲಿ ಸಿಕ್ಕಿಬಿದ್ದವರನ್ನು ಉಳಿಸುವ ತಂಡ ದಂಡವಂತೆ, ಜನವರಿಯಲ್ಲಿ ಅದನ್ನು ಮುಚ್ಚಿ ಯುದ್ಧದ ಗಾಡಿ ತರಿಸುತ್ತಾನಂತೆ.

ಅಂಚೆ ಕಚೇರಿಯಲ್ಲಿ ವೆಂಡೆಲ್ ಸಿಕ್ಕ. "ಈ ಜನಕ್ಕೆ ಬುದ್ಧೀನೇ ಇಲ್ಲ, ಆರ್ಡಿಸ್" ಎಂದ.

"ಎಲ್ಲಿಂದ ಇರತ್ತಪ್ಪ? ಊರಿನ ಬುದ್ಧೀನೆಲ್ಲ ನೀನೊಬ್ನೇ ಗುತ್ತಿಗೆ ಹಿಡ್ದಿದ್ಯಲ್ಲ!" ಎಂದೆ. ಸಾಲಿನಲ್ಲಿದ್ದವರು ನಕ್ಕರು. ಅವರಲ್ಲಿ ಅರ್ಧ ಜನ ಫ್ಲೂಗರ್‌ಗೆ ಒತ್ತಿದ ನಮ್ಮವರೇ. ಥೂ! ಆ ನಗು ನನಗೆ ಬೇಕಿರಲಿಲ್ಲ.

ರಾಸ್ಮುಸೆನ್ ಮೊನ್ನೆ ದಾರಿಯಲ್ಲಿ ಸಿಕ್ಕಿ ಟೋಪಿ ಎತ್ತಿದ. ಅವನು ಕೇಳಿದ್ದು ಒಂದೇ ಮಾತು: "ಜಾನೆಲ್ ಹೇಗಿದಾಳಮ್ಮ?" ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು.

ನಿನಗೂ ಮಕ್ಕಳಿಗೂ ದೇವರು ಆರೋಗ್ಯ ಕೊಡಲಿ, ಬುದ್ಧಿವಂತರ ಸಹವಾಸದಿಂದ ದೂರವಿಡಲಿ.

ನಿನ್ನ ಅಕ್ಕ,
ಆರ್ಡಿಸ್

ತಾ.ಕ.: ಗುರುವಾರ ಹಬ್ಬದೂಟಕ್ಕೆ ಜಾನೆಲ್ ಬಂದಿದ್ದಳು. "ಊರೆಲ್ಲ ಆ ಕಡೆ ಹೋದ್ರೂ ಅಪ್ಪ ಅಮ್ಮನ ಎರಡು ಓಟು ನಂದೇ" ಎಂದು ಓರಿನ್‌ನ ಬೋಳುತಲೆ ಸವರಿ ನಕ್ಕಳು. ಹುರಿದ ಟರ್ಕಿ ಕೋಳಿ ಕೊಯ್ಯುತ್ತಿದ್ದ ಅವನ ಕೈ ನಿಂತಿತು. ಅವಳು ಹೋದ ಮೇಲೆ ಕೇಳಿದೆ. "ಎಲ್ಲಾರೂ ಆ ಕಡೆ ಹಾಕ್ತಿದ್ರು ಕಣೆ, ನಾನೂ ಹಾಕ್ದೆ. ಅವಳು ಹೇಗೂ ಗೆಲ್ತಾಳೆ ಅಂದ್ಕೊಂಡೆ" ಎಂದ. ಅವಳಿಗೆ ಹೇಳಿಬಿಡು ಎಂದೆ. ಹೇಳಿಲ್ಲ. ಈಗಷ್ಟೇ ಅವಳು ಫೋನ್ ಮಾಡಿದ್ದಳು. ಇವನು ಎಂದಿನಂತೆ "ಏನೇ ನನ್ನ ಚಿನ್ನ" ಎಂದ. ಕೇಳಲಾರದೆ ನಾನು ಅಡುಗೆಮನೆಯ ನಲ್ಲಿಯನ್ನು ಜೋರಾಗಿ ತಿರುಗಿಸಿದೆ.