ಬಾಗಿಲಲ್ಲಿ ಕೂತ ಸೋದರತ್ತೆ

ಪ್ರೀತಿಯ ಸರದಿಯಮ್ಮನಿಗೆ,

ಯಾರ ಒತ್ತಾಯವೂ ಇಲ್ಲದೆ, ಪೂರ್ಣ ಎಚ್ಚರದಲ್ಲಿದ್ದು ತಪ್ಪೊಪ್ಪಿಕೊಳ್ಳುತ್ತಿದ್ದೇನೆ: ನಿನ್ನೆ ಮಧ್ಯಾಹ್ನ ನಾನು ಸಂಸ್ಥೆಯ ಸೊತ್ತು ಕದ್ದೆ. ಕದ್ದ ಮಾಲು ಈ ಲಕೋಟೆಯಲ್ಲೇ ಇದೆ. ಬೆರಳುದ್ದದ ಹಳದಿ ಚೀಟಿ, ಹಿಂದಿನ ಅಂಟು ಒಣಗಿದೆ, ಮುಂದೆ ನಿನ್ನ ಕೋಳಿಕಾಲು ಅಕ್ಷರದಲ್ಲಿ ‘ಸೋದರತ್ತೆ’ ಎಂದಿದೆ. ಗಣಕಯಂತ್ರದ ಮೈಮೇಲಿಂದ ಉಗುರಿನಲ್ಲಿ ಕೆರೆದು ತೆಗೆದು ಜೇಬಿಗಿಳಿಸಿದೆ. ಮಾಲು ಈಗ ನಿನ್ನ ಕೈಯಲ್ಲಿರುವುದರಿಂದ ಅಪರಾಧದಲ್ಲಿ ನೀನೂ ಪಾಲುದಾರಳು. ನಮ್ಮ ಎಲ್ಲ ಘನಕಾರ್ಯಗಳ ಪದ್ಧತಿಯೂ ಹೀಗೇ ಇತ್ತಲ್ಲ.

ನಮ್ಮ ಅವಿಭಕ್ತ ಕುಟುಂಬ ಮುಚ್ಚಿತು ಕಣೇ. ವಿಜ್ಞಾನಿಗಳ ಲೆಕ್ಕಗಳೆಲ್ಲ ಇನ್ನು ಬಾಡಿಗೆಯ ಕ್ಲೌಡಿಗೆ ಹೋಗುತ್ತವಂತೆ. ಮೋಡ ಅವರಿಗೆ, ಮಬ್ಬು ನಮಗೆ. ಯಂತ್ರಗಳನ್ನು ಒಂದೊಂದಾಗಿ ಆರಿಸಿ ಮಲಗಿಸುವ ಕೆಲಸ ನನ್ನ ಪಾಲಿಗೆ ಬಂತು. ಹೊಸ ನಿರ್ದೇಶಕರ ಎದುರಿಗೇ, ಕುರ್ಚಿಯಿಂದ ಏಳದೆ, ಮುಗಿಸಿದೆ. ಇಷ್ಟು ವರ್ಷದಲ್ಲಿ ಒಂದೇ ಒಂದು ತಪ್ಪು ಆದೇಶ ಕೊಟ್ಟವನಲ್ಲ ನಾನು ಎಂದು ಅಲ್ಲಿ ಪುಟ್ಟ ಭಾಷಣವನ್ನೂ ಮಾಡಿದೆ. ಹಿಂದಿನ ಸಾಲಿಗೆ ಕೇಳಿಸಲಿಲ್ಲವೇನೋ ಎಂಬ ಅನುಮಾನದಿಂದ ಆ ವಾಕ್ಯವನ್ನು ಇನ್ನೊಮ್ಮೆ ಹೇಳಿದೆ. ಚಪ್ಪಾಳೆ ಬಿತ್ತು.

ಆದರೆ ಮನೆಗೆ ಬಂದು ಕೂತಾಗಿನಿಂದ ನಿನ್ನದೇ ನೆನಪು.

ಮೊದಲ ದಿನ ಜ್ಞಾಪಕವಿದೆಯಾ? ನಿನ್ನ ಊರಿನ ನೆಲಮಾಳಿಗೆಯಲ್ಲಿ ನೀನು, ನನ್ನ ಊರಿನ ನೆಲಮಾಳಿಗೆಯಲ್ಲಿ ನಾನು, ನಡುವೆ ಒಂದು ದಾರ. ಒಬ್ಬ ವಿಜ್ಞಾನಿಯ ದೊಡ್ಡ ಲೆಕ್ಕವನ್ನು ಚೂರು ಚೂರು ಮಾಡಿ, ಎರಡೂ ಊರಲ್ಲಿ ಬಿಡುವಾಗಿರುವ ಯಂತ್ರಗಳಿಗೆ ಹಂಚಿ, ಉತ್ತರಗಳನ್ನು ಮತ್ತೆ ಒಟ್ಟುಗೂಡಿಸಿ ಕೊಡಬೇಕು. ಹೇಳುವುದಕ್ಕೆ ಇಷ್ಟೇ. ಮಾಡಹೊರಟರೆ ನನ್ನ ಯಂತ್ರ ಕೇಳಿದ್ದು ನಿನ್ನ ಯಂತ್ರಕ್ಕೆ ತಿಳಿಯದು, ನಿನ್ನದು ಹೇಳಿದ್ದನ್ನು ನನ್ನದು ನಂಬದು. ವಾರಗಟ್ಟಲೆ ಜಾಲವನ್ನು ಜಾಲಾಡಿದ ಮೇಲೆ ನೀನೇ ಫೋನಿನಲ್ಲಿ ನಿಟ್ಟುಸಿರುಬಿಟ್ಟು, “ಪುಣ್ಯಾತ್ಮ, ಇದು ಯಂತ್ರಗಳ ಗುಂಪಲ್ಲ, ಅವಿಭಕ್ತ ಕುಟುಂಬ. ಒಬ್ಬರನ್ನ ಕಂಡ್ರೆ ಒಬ್ಬರಿಗೆ ಆಗಲ್ಲ, ಆದ್ರೂ ಒಂದೇ ಒಲೆ. ಹೆಸರೂ ಹಾಗೇ ಇಡೋಣ” ಅಂದೆ.

ಹಾಗೆ ನಿನ್ನ ಕೋಣೆಯ ದೈತ್ಯ ‘ದೊಡ್ಡಪ್ಪ’ನಾದ. ಕೆಲಸಕ್ಕಿಂತ ಗೊರಕೆ ಜಾಸ್ತಿ. ಅವನ ಪಕ್ಕದಲ್ಲಿ ಒಬ್ಬರ ಮೇಲೊಬ್ಬರು ಬಿಸಿಯಾಗುವ ಓರಗಿತ್ತಿಯರು. ನನ್ನ ಕೋಣೆಯಲ್ಲಿ, ಹೇಳಿದ್ದನ್ನು ಐದೇ ನಿಮಿಷದಲ್ಲಿ ಮರೆಯುವ ಚಿಕ್ಕಮ್ಮ. ಮತ್ತು ನನ್ನ ಕೋಣೆಯಿಂದ ನಿನ್ನ ಕೋಣೆಗೆ ಹೋಗುವ ದಾರದ ಬಾಗಿಲಲ್ಲಿ ಸೋದರತ್ತೆ. ನಿನ್ನ ಕೋಣೆಯ ಯಂತ್ರಗಳನ್ನು ಇಲ್ಲಿಂದ ಮಾತಾಡಿಸಬೇಕೆಂದರೆ ಇವಳನ್ನು ದಾಟಿಯೇ ಹೋಗಬೇಕು. ಬೇರೆ ದಾರಿ ಇಲ್ಲ. ಯಾರು, ಎಲ್ಲಿಂದ, ಏನು ಕೆಲಸ ಎಂದು ಕೇಳದೆ ಅವಳು ಯಾರನ್ನೂ ಒಳಗೆ ಬಿಟ್ಟವಳಲ್ಲ. ಆ ಚೀಟಿ ಬರೆದು ಅಂಟಿಸಲೆಂದೇ ನೀನು ಒಂದು ದಿನದ ಮಟ್ಟಿಗೆ ಇಲ್ಲಿಗೆ ಬಂದಿದ್ದೆ. ಕಾಫಿ ಯಂತ್ರ ಕೆಟ್ಟಿತ್ತು. ನಾವಿಬ್ಬರೂ ಸೋದರತ್ತೆಯ ಬೆನ್ನಿನ ಬಿಸಿಗಾಳಿಗೆ ಕೈಯೊಡ್ಡಿಕೊಂಡು ನಿಂತಿದ್ದೆವು.

ಆಮೇಲೆ ಬಂತು ಸರದಿ. ನೂರು ವಿಜ್ಞಾನಿಗಳು, ನೂರು ಲೆಕ್ಕ, ಎಲ್ಲವೂ ತುರ್ತು. ಹೆಚ್ಚು ಬಳಸಿದವರು ಹಿಂದೆ, ಕಡಿಮೆ ಬಳಸಿದವರು ಮುಂದೆ ಎಂಬ ನಿಯಮ ಬರೆದವಳು ನೀನು. ಯಾರಿಗೂ ಸಡಿಲಿಸಲಿಲ್ಲ, ಸರದಿಯಮ್ಮ ಎಂಬ ಬಿರುದು ಬಂದದ್ದು ಅದಕ್ಕೇ. ಸಮುದ್ರದ ಪ್ರವಾಹಗಳ ಲೆಕ್ಕ ಹಾಕುತ್ತಿದ್ದ ಮೇಷ್ಟ್ರು ನಿನಗೆ ಫೋನ್ ಮಾಡಿ, “ನಾಡಿದ್ದೇ ಸಮ್ಮೇಳನ ಕಣಮ್ಮ, ಒಂಚೂರು ಮುಂದಕ್ಕೆ ತಳ್ಳು” ಎಂದು ಗೋಗರೆದಾಗ ನೀನು, “ಸಮುದ್ರಕ್ಕೇ ಅವಸರ ಇಲ್ಲ, ನಿಮಗ್ಯಾಕೆ ಸಾರ್?” ಅಂದೆಯಂತೆ. ಅವರು ಅದನ್ನು ನನ್ನ ಹತ್ತಿರ ದೂರಿಕೊಂಡರು, ಆಮೇಲೆ ಅದೇ ಮಾತನ್ನು ಸಮ್ಮೇಳನದಲ್ಲಿ ಹೇಳಿ ಎಲ್ಲರನ್ನೂ ನಗಿಸಿದರು. ಅವರ ಪ್ರಬಂಧದ ಕೊನೆಯಲ್ಲಿ ‘ಗಣಕ ಸೌಲಭ್ಯಕ್ಕೆ ಧನ್ಯವಾದ’ ಎಂಬ ಒಂದು ಸಾಲು ಬಂತು. ನಾನು ಹೆಸರಿಲ್ಲವೆಂದು ಸಿಡುಕಿದೆ. “ನಾಟಕದಲ್ಲಿ ಪರದೆ ಎಳೆಯೋನಿಗೆ ಯಾರಾದ್ರೂ ಹಾರ ಹಾಕ್ತಾರೇನೋ? ಪರದೆ ಸಿಕ್ಕಿಹಾಕಿಕೊಂಡ್ರೆ ಮಾತ್ರ ಬೈತಾರೆ” ಎಂದು ನೀನು ಸಮಾಧಾನ ಮಾಡಿದೆ.

ಪರದೆಯೋ, ದಿನಾ ಸಿಕ್ಕಿಹಾಕಿಕೊಳ್ಳುತ್ತಿತ್ತು. ಆ ಬಸ್ಸಿನ ಪ್ರಸಂಗ ನಿನಗೆ ಅರ್ಧ ಮಾತ್ರ ಗೊತ್ತು. ಸಂಜೆ, ಕಾಲಿಡಲು ಜಾಗವಿಲ್ಲ, ನಿನ್ನ ಫೋನು: “ದೊಡ್ಡಪ್ಪ ಬಿದ್ದ!” ನಾನು ಬಸ್ಸೆಲ್ಲ ಕೇಳುವಂತೆ, “ಉಸಿರಿದೆಯಾ ನೋಡು. ಇಲ್ಲಾಂದ್ರೆ ವೈರು ಕಿತ್ತು ಮತ್ತೆ ಚುಚ್ಚು. ಏಳದೇ ಇದ್ರೆ ಬಿಟ್ಟಾಕು, ನಾಳೆ ಬಿಡಿಭಾಗ ತೆಗೆದು ಓರಗಿತ್ತಿಗೆ ಹಾಕೋಣ” ಅಂದೆ. ಒಬ್ಬ ಹೆಂಗಸು ಎದ್ದು ಸೀಟು ಬಿಟ್ಟುಕೊಟ್ಟರು. ಹಿಂದಿನಿಂದ ಒಬ್ಬ ಹಿರಿಯರು ನನ್ನ ಭುಜ ತಟ್ಟಿ ಮೆಲ್ಲಗೆ, “ಆಸ್ಪತ್ರೆ ಬದಲಾಯಿಸಿ ತಮ್ಮಾ” ಅಂದರು. ಮುಖ ಸಪ್ಪಗೆ ಮಾಡಿಕೊಂಡು ಮನೆಯವರೆಗೂ ಕೂತೇ ಬಂದೆ.

ನಾವು ಜಾಣರು, ಅದೇ ಎಡವಟ್ಟಾಯಿತು. ಬಿದ್ದ ಯಂತ್ರ ತಾನೇ ಏಳುವಂತೆ ಮಾಡಿದೆವು. ಒಬ್ಬಳು ಕೆಟ್ಟರೆ ಅವಳ ಪಾಲಿನ ಲೆಕ್ಕ ಇನ್ನೊಬ್ಬಳಿಗೆ ತಾನೇ ಹೋಗುವಂತೆ ಮಾಡಿದೆವು. ಒಂದೊಂದು ರಿಪೇರಿ ಮುಗಿದಾಗಲೂ ಕುಣಿದಾಡಿದೆವು. ಪ್ರತಿ ರಿಪೇರಿಗೂ ಒಂದೊಂದು ಫೋನು ಕಡಿಮೆಯಾಗುತ್ತಿದೆ ಎಂಬ ಲೆಕ್ಕ, ಲೆಕ್ಕ ಮಾಡುವುದನ್ನೇ ಕಸುಬು ಮಾಡಿಕೊಂಡ ನಮಗೆ ಹೊಳೆಯಲೇ ಇಲ್ಲ. ಮೊದಲು ದಿನಾ, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಹೊಸ ವರ್ಷದ ಶುಭಾಶಯ. ಕೊನೆಗೆ ಕುಟುಂಬ ಒಂದು ಸಲವೂ ಬೀಳದೆ ಇಡೀ ವರ್ಷ ಓಡಿತು. ಸಂಸ್ಥೆ ನಮಗೆ ಪ್ರಶಸ್ತಿ ಫಲಕ ಕೊಟ್ಟಿತು. ಆ ವರ್ಷ ನಿನ್ನ ದನಿ ನಾನು ಕೇಳಲಿಲ್ಲ.

ಮರುವರ್ಷ ನೀನೇ ಕರೆ ಮಾಡಿದೆ. “ಇಲ್ಲಿ ನನಗೇನೂ ಕೆಲಸ ಉಳಿದಿಲ್ಲ ಕಣೋ. ಮೇಲಿನ ಮಹಡೀಲಿ ಪಾಠ ಹೇಳೋಕೆ ಕರೀತಿದ್ದಾರೆ, ಹೋಗ್ಲಾ?” ನೀನು ಕೇಳಿದ್ದು ಪ್ರಶ್ನೆ. ನಾನು ಕೊಟ್ಟದ್ದು ನಗೆಚಟಾಕಿ: “ಹೋಗು, ನಿನ್ನ ಸರದಿ ಬಂತು.” ನೀನು ನಕ್ಕೆ. ನಾನೂ ನಕ್ಕೆ. ಆಗಾಗ ಫೋನ್ ಮಾಡ್ತಿರು ಎಂಬ ಮಾತು ನನ್ನ ಬಾಯಲ್ಲೇ ಸರದಿಯಲ್ಲಿ ನಿಂತಿತ್ತು. ಇವತ್ತಿಗೂ ನಿಂತಿದೆ.

ಈಗಲೂ ನೀನು ದೊಡ್ಡಪ್ಪ ಇರುವ ಅದೇ ಕಟ್ಟಡದ ಮೂರನೇ ಮಹಡಿಯಲ್ಲಿದ್ದೀಯೆಂದು ಸಮುದ್ರದ ಮೇಷ್ಟ್ರು ಹೇಳಿದರು. ಒಳ್ಳೆಯದೇ ಆಯಿತು. ಯಾಕೆಂದರೆ, ಇಲ್ಲಿಯವರೆಗೆ ಸುತ್ತಿ ಬಳಸಿ ಬಂದದ್ದು ಒಂದು ಮಾತಿಗಾಗಿ.

ನಿನ್ನೆ ಚಿಕ್ಕಮ್ಮನನ್ನು ಮಲಗಿಸಿದೆ, ಅವಳ ಮಕ್ಕಳಂತಿದ್ದ ಸಣ್ಣ ಯಂತ್ರಗಳನ್ನು ಮಲಗಿಸಿದೆ. ಹೊರಗೆ ಗುಜರಿ ಲಾರಿ ಹಾರ್ನ್ ಹೊಡೆಯುತ್ತಿತ್ತು. ಅದೇ ಉತ್ಸಾಹದಲ್ಲಿ ಸೋದರತ್ತೆಯನ್ನೂ ಮಲಗಿಸಿಬಿಟ್ಟೆ. ಪರದೆ ಕಪ್ಪಾಯಿತು. ಎಲ್ಲ ಮುಗಿಯಿತೆಂದು ಜನ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಲಾರಿಯವರು ಅತ್ತೆಯನ್ನು ಎತ್ತಿಕೊಂಡು ಹೋದರು. ನಿನ್ನ ದೊಡ್ಡಪ್ಪ, ಓರಗಿತ್ತಿಯರು ಇನ್ನೂ ಎಚ್ಚರವಾಗಿದ್ದಾರೆ, ಅವರನ್ನು ಮುಟ್ಟಲು ಇದ್ದ ಒಂದೇ ಬಾಗಿಲನ್ನು ನಾನೇ ಕಳಚಿ ಗುಜರಿಗೆ ಹಾಕಿದ್ದೇನೆ ಎಂಬುದು ಹೊಳೆದದ್ದು ಚೀಟಿಯನ್ನು ಜೇಬಿನಿಂದ ತೆಗೆದು ನೋಡಿದಾಗ. ಕೆಲಸಕ್ಕೆ ಸೇರಿದವರಿಗೆ ಮೊದಲ ವಾರ ಕಲಿಸುವ ಪಾಠ ಅದು: ಬಾಗಿಲು ಕೊನೆಗೆ. ಬೇಕಂತಲೇ ಮಾಡಿದ್ದಲ್ಲ ಅಂದರೆ ನೀನು ನಂಬುವುದಿಲ್ಲ. ನನಗೂ ಪೂರ್ತಿ ನಂಬಿಕೆಯಿಲ್ಲ.

ಇನ್ನು ಅವರನ್ನು ಮಲಗಿಸಲು ಯಾರಾದರೂ ಖುದ್ದಾಗಿ ಮೆಟ್ಟಿಲಿಳಿದು ಹೋಗಬೇಕು. ನಿರ್ದೇಶಕರಿಗೆ ಗೊತ್ತಾಗದ ಹಾಗೆ ನೀನು ಹೋಗುತ್ತೀಯಾ? ಬರೀ ಗುಂಡಿ ಒತ್ತಿದರೆ ದೊಡ್ಡಪ್ಪ ಮಲಗುವುದಿಲ್ಲ, ನಿನಗೆ ಗೊತ್ತಲ್ಲ, ಹಟಮಾರಿ. ಅವನ ಎದುರು ನಿಂತು ನನಗೊಂದು ಫೋನ್ ಮಾಡು. ಕ್ರಮ ನನಗೆ ಚೆನ್ನಾಗಿ ನೆನಪಿದೆ, ಆದರೆ ಬಹಳ ನಿಧಾನವಾಗಿ ಹೇಳುತ್ತೇನೆ.

ನಿನ್ನ ತರಗತಿಗಳು ತುಂಬಿರಲಿ, ಕೋಣೆ ತಂಪಾಗಿರಲಿ, ನಿನ್ನ ಯಾವ ಕೆಲಸಕ್ಕೂ ಸರದಿ ಉದ್ದವಾಗದಿರಲಿ.

ತಪ್ಪೇ ಮಾಡಿಲ್ಲವೆಂದು ಎರಡು ಸಲ ಭಾಷಣದಲ್ಲಿ ಹೇಳಿ, ಒಂದು ಸಲ ಸಿಕ್ಕಿಬಿದ್ದ,
ನಿನ್ನ ಪುಣ್ಯಾತ್ಮ